ಹಳೇ ಪ್ರೀತಿ, ಹಳೇ ಹೆಣ: ಸಣ್ಣ ಊರಿನ ರೊಮ್ಯಾಂಟಿಕ್ ಸಸ್ಪೆನ್ಸ್ ಬರೆಯುವ ಬಗೆ

ಹದಿಮೂರು ವರ್ಷದ ಹಿಂದೆ ಹೇಳದೆ ಕೇಳದೆ ಊರು ಬಿಟ್ಟವನು ಇವತ್ತು ಬೆಳಗ್ಗೆ ಗೋವಾದ ಸಾವರ್ಡೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುತ್ತಾನೆ. ಅದರ ಹಿಂದಿನ ದಿನವಷ್ಟೇ ಊರಾಚೆಯ ಗಣಿ ಗುಂಡಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿದೆ. ಇಷ್ಟು ಹೇಳಿದರೆ ಓದುಗರು ಬಂದು ಕೂರುತ್ತಾರೆ. ಕೂತವರು ಮುನ್ನೂರು ಪುಟ ಏಳದ ಹಾಗೆ ನೋಡಿಕೊಳ್ಳುವುದೇ ಕಷ್ಟ.

ನಾನು ಮಡಗಾಂವ್‌ನಲ್ಲಿ ಕೂತು ಇಂಥದ್ದೊಂದು ಕಾದಂಬರಿಯನ್ನು ಮೂರು ಸಲ ಬರೆದೆ. ಎರಡು ಸಲ ಕೆಟ್ಟಿತು, ಮೂರನೇ ಸಲ ನಿಂತಿತು. ಹೇಗೆ ಕೆಟ್ಟಿತು, ಹೇಗೆ ನಿಂತಿತು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ನನ್ನ ಕಥೆಯನ್ನೇ ಬಿಚ್ಚಿಡುತ್ತೇನೆ, ಕೊಲೆಗಾರನ ಸಮೇತ. ಕದಿಯಬೇಡಿ, ಅಷ್ಟೇ.

1. ಮೊದಲು ಗಂಟು ಹಾಕಿ

ಈ ಬಗೆಯ ಕಥೆಗೆ ಎರಡು ಪ್ರಶ್ನೆ. ಅವನು ಯಾಕೆ ಬಿಟ್ಟು ಹೋದ? ಸತ್ತವನನ್ನು ಕೊಂದವರು ಯಾರು? ನನ್ನ ಮೊದಲ ಕರಡಿನಲ್ಲಿ ಎರಡೂ ಇದ್ದವು, ಆದರೆ ಬೇರೆ ಬೇರೆ ಮನೆಯಲ್ಲಿದ್ದವು. ಹತ್ತು ಅಧ್ಯಾಯ ಪ್ರೀತಿ, ಆಮೇಲೆ ಕೊಲೆ, ಮತ್ತೆ ಸ್ವಲ್ಪ ಪ್ರೀತಿ. ಒಂದೇ ಟೀವಿಯಲ್ಲಿ ಚಾನೆಲ್ ಬದಲಿಸಿ ಎರಡು ಸೀರಿಯಲ್ ನೋಡಿದ ಹಾಗಿತ್ತು.

ಒಂದು ಪರೀಕ್ಷೆ ಮಾಡಿ. ಪ್ರೇಮದ ಭಾಗವನ್ನು ಕೈಯಿಂದ ಮುಚ್ಚಿ. ಕೊಲೆಯ ಕಥೆ ತನ್ನ ಪಾಡಿಗೆ ತಾನು ನಡೆಯುತ್ತದಾ? ಹಾಗಾದರೆ ಗಂಟು ಬಿದ್ದಿಲ್ಲ. ಎರಡೂ ಪ್ರಶ್ನೆಗೆ ಉತ್ತರ ಒಂದೇ ರಾತ್ರಿಯಲ್ಲಿರಬೇಕು. ಆ ರಾತ್ರಿಯಿಂದ ಉಳಿದುಬಂದ ಒಂದು ವಸ್ತು ಸಿಕ್ಕರೆ ಇನ್ನೂ ಒಳ್ಳೆಯದು.

ನನಗೆ ಸಿಕ್ಕಿದ್ದು ಒಂದು ಅಂಗಿ. ನನ್ನ ನಾಯಕಿ ಸವಿತಾಳದು ಕುಡಚಡೆ ಹತ್ತಿರದ ಹಳ್ಳಿಯಲ್ಲಿ ಹೊಲಿಗೆ ಅಂಗಡಿ. ಅಪ್ಪ ಗದಗ ಕಡೆಯವರು, ಅದಿರಿನ ಟಿಪ್ಪರ್ ಓಡಿಸಲು ಗೋವಾಕ್ಕೆ ಬಂದವರು. ನಾಯಕ ಮಂಜುನಾಥನೂ ಟಿಪ್ಪರ್ ಡ್ರೈವರ್. 2012ರಲ್ಲಿ ಅವಳಿಗೆ 21, ಅವನಿಗೆ 24. ಅವಳು ಅವನಿಗೆ ನೀಲಿ ಚೌಕಳಿಯ ಅಂಗಿ ಹೊಲಿದು ಕೊಟ್ಟಿದ್ದಳು. ಡೀಸೆಲ್ ದುಡ್ಡು ಇಟ್ಟುಕೊಳ್ಳಲಿ ಅಂತ ಎಡಗಡೆ ಕಿಸೆಯ ಹಿಂದೆ ಇನ್ನೊಂದು ಕಳ್ಳ ಕಿಸೆ ಇಟ್ಟಿದ್ದಳು. 2025ರಲ್ಲಿ ಸಿಕ್ಕ ಅಸ್ಥಿಪಂಜರದ ಮೈಮೇಲೆ ಅದೇ ಅಂಗಿ. ಒಂದು ರಾತ್ರಿಯಿಡೀ ಅವಳು ಅವನು ಸತ್ತ ಅಂತಲೇ ಅಳುತ್ತಾಳೆ. ಮರುದಿನ ಅವನು ಬಂದು ಅಂಗಡಿ ಮುಂದೆ ನಿಲ್ಲುತ್ತಾನೆ.

ಈಗ ಸತ್ತವನು ಯಾರು, ಅವನ ಮೈಮೇಲೆ ಈ ಅಂಗಿ ಹೇಗೆ ಬಂತು, ನೀನು ಯಾಕೆ ಹೋದೆ ಅನ್ನುವ ಮೂರೂ ಪ್ರಶ್ನೆಯನ್ನು ಬಿಡಿಸಿ ಇಡೋಕೆ ಆಗಲ್ಲ. ಒಂದನ್ನು ಎಳೆದರೆ ಇನ್ನೆರಡು ಬರುತ್ತವೆ. ಇಂಥದ್ದು ಸಿಗುವ ತನಕ ಮೊದಲ ಅಧ್ಯಾಯ ಬರೆಯಬೇಡಿ. ನನಗೆ ಎಂಟು ತಿಂಗಳು ಹಿಡಿಯಿತು.

2. ಊರಿಗಿಂತ ಮೊದಲು ಊರಿನ ಕ್ಯಾಲೆಂಡರ್

ಸಣ್ಣ ಊರು ಅಂದ ತಕ್ಷಣ ನಾವು ಆಲದ ಮರ, ಚಹಾ ಅಂಗಡಿ, ದೇವಸ್ಥಾನದ ಗಂಟೆ ಬರೆಯುತ್ತೇವೆ. ಅದು ಬರೀ ಚಿತ್ರ. ಸಸ್ಪೆನ್ಸ್‌ಗೆ ಬೇಕಾದದ್ದು ವೇಳಾಪಟ್ಟಿ. ಯಾವ ತಿಂಗಳು ಯಾರು ಊರಲ್ಲಿ ಇರುತ್ತಾರೆ, ಯಾರು ಇರಲ್ಲ, ಯಾವ ರಸ್ತೆ ಯಾವಾಗ ಖಾಲಿ.

ಇದನ್ನು ನಾನು ಕಲಿತದ್ದು ಅವಮಾನ ಪಟ್ಟು. ಎರಡನೇ ಕರಡಿನಲ್ಲಿ ಕೊಲೆಯನ್ನು 2012ರ ಸೆಪ್ಟೆಂಬರ್‌ನಲ್ಲಿ ಇಟ್ಟಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು ಅಂದುಕೊಂಡಿದ್ದೆ: ಆ ಸೆಪ್ಟೆಂಬರ್ 10ರಂದು ರಾಜ್ಯ ಸರ್ಕಾರ ಗಣಿಗಾರಿಕೆ ತಡೆಹಿಡಿಯಿತು, ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟ್ ಕೂಡ ನಿಲ್ಲಿಸಿತು. ಹಾಗಾಗಿ ಜಡಿಮಳೆ, ಕತ್ತಲು, ಬಂದ್ ಆಗುವ ಹಿಂದಿನ ರಾತ್ರಿಯ ಕೊನೇ ಟ್ರಿಪ್. ಎಷ್ಟು ಚಂದ, ಅಲ್ವಾ? ನಮ್ಮ ಚಾಳಿನಲ್ಲಿ ಒಬ್ಬ ಕಾಕಾ ಇದ್ದಾರೆ. ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷ ಅದಿರು ಹೊಡೆದವರು. ಅವರಿಗೆ ಆ ಅಧ್ಯಾಯ ಓದಿ ಹೇಳಿದೆ. ಅರ್ಧಕ್ಕೇ ನಗಲು ಶುರು ಮಾಡಿದರು.

"ಮಳಿಗಾಲದಾಗ ಎಲ್ಲೀ ಟ್ರಿಪ್ಪವಾ? ಜೂನದಿಂದ ಗಣಿ ಬಂದ್. ಗುಂಡಿ ತುಂಬ ನೀರ ಇರ್ತದ. ನಾವೆಲ್ಲಾ ಊರಾಗ ಬಿತ್ತಾಕ ಹೋಗಿರ್ತೀವಿ."

ಹೌದು. ಗೋವಾದ ಅದಿರು ಸೀಸನ್ ಅಕ್ಟೋಬರ್‌ನಿಂದ ಮೇ ತನಕ. ಇಷ್ಟು ವರ್ಷ ಇಲ್ಲೇ ಇದ್ದು ಗೊತ್ತಿರಲಿಲ್ಲ ಅಂದರೆ ನಾಚಿಕೆಗೇಡು. ಆದರೆ ಕಾಕಾ ಹೇಳಿದ ಆ ಮೂರು ಮಾತು ನನ್ನ ಕಾದಂಬರಿಯನ್ನು ಉಳಿಸಿತು. ಕೊಲೆಯನ್ನು ಮೇ ಕೊನೆಗೆ ತಂದೆ. ಸೀಸನ್ನಿನ ಕೊನೇ ಟ್ರಿಪ್, ಮೊದಲ ಅಡ್ಡಮಳೆ. ಮರುದಿನದಿಂದ ಎಲ್ಲರೂ ಊರಿಗೆ ಹೋಗುತ್ತಾರೆ. ಸತ್ತವನು ಕ್ಲೀನರ್ ಹುಡುಗ ಯಮನೂರಪ್ಪ. ಇಲ್ಲಿಯವರು ಅವನು ಊರಿಗೆ ಹೋದ ಅಂದುಕೊಂಡರು. ಊರಿನವರು ಅವನು ಗೋವಾದಲ್ಲೇ ಇದ್ದಾನೆ ಅಂದುಕೊಂಡರು. ಜೂನ್‌ನಲ್ಲಿ ಗುಂಡಿ ತುಂಬಿತು. ಬೇರೆ ವರ್ಷವಾಗಿದ್ದರೆ ಮಳೆ ಮುಗಿದ ಮೇಲೆ ಪಂಪ್ ಹಾಕಿ ನೀರು ತೆಗೆಯುತ್ತಿದ್ದರು, ಹೆಣ ಸಿಗುತ್ತಿತ್ತು. ಆ ವರ್ಷ ಸೀಸನ್ನೇ ಶುರುವಾಗಲಿಲ್ಲ. ಪಂಪ್ ಹಾಕಲಿಲ್ಲ. ಹಾಜರಿ ಕರೆಯಲಿಲ್ಲ. ಒಬ್ಬ ಕಡಿಮೆ ಇದ್ದಾನೆ ಅಂತ ಯಾರೂ ಎಣಿಸಲಿಲ್ಲ.

ಹೆಣವನ್ನು ಹದಿಮೂರು ವರ್ಷ ಮುಚ್ಚಿಟ್ಟಿದ್ದು ಕೊಲೆಗಾರನ ಜಾಣತನ ಅಲ್ಲ, ಕ್ಯಾಲೆಂಡರ್. ಇದು ಗೊತ್ತಾದ ಮೇಲೆ ಕೊಲೆಗಾರನನ್ನು ಸಾಮಾನ್ಯ ಮನುಷ್ಯನಾಗಿ ಮಾಡೋಕೆ ಧೈರ್ಯ ಬಂತು. 2014ರ ಏಪ್ರಿಲ್‌ನಲ್ಲಿ ಕೋರ್ಟು ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಗಣಿಗೆ ಅವಕಾಶ ಕೊಟ್ಟಿತು, 2018ರ ಫೆಬ್ರವರಿಯಲ್ಲಿ 88 ಗುತ್ತಿಗೆ ರದ್ದು ಮಾಡಿತು, ಮಾರ್ಚ್ ಮಧ್ಯಕ್ಕೆ ಮತ್ತೆ ಬಂದ್. ನಡುವೆ ಕೆಲವು ಗಣಿ ತೆರೆದವು, ಕೆಲವು ತೆರೆಯಲೇ ಇಲ್ಲ. ನನ್ನದು ತೆರೆಯದ ಗಣಿ. ಇಂಥ ಇತಿಹಾಸವನ್ನು ಕಥೆಯಲ್ಲಿ ಉಪನ್ಯಾಸದ ಹಾಗೆ ಸುರಿಯಬೇಡಿ. ಸಾಲ ತೀರದ ಟಿಪ್ಪರ್ ಒಂದು ಮನೆ ಮುಂದೆ ತುಕ್ಕು ಹಿಡಿದು ನಿಂತಿದೆ, ಅದಿರು ತುಂಬುವ ಅದರ ಡಾಲಾದಲ್ಲಿ ಬಳ್ಳಿ ಹಬ್ಬಿದೆ ಅಂತ ಬರೆದರೆ ಸಾಕು.

ನಿಮ್ಮ ಊರು ಕರಾವಳಿಯಲ್ಲಿದ್ದರೆ ಕ್ಯಾಲೆಂಡರ್ ಬೇರೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗಳೆಲ್ಲ ದಡದಲ್ಲಿ. ಆ 61 ದಿನ ಒಂದು ದೋಣಿಯಲ್ಲಿ ಏನನ್ನಾದರೂ ಬಚ್ಚಿಡಬಹುದು. ಇನ್ನೊಂದು: ಜೂನ್ 24 ಸಾಂವ್ ಜುವಾಂವ್ ಹಬ್ಬ. ಹುಡುಗರು ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಊರಿನ ಬಾವಿಗಳಿಗೆ ಹಾರುತ್ತಾರೆ. ಏಪ್ರಿಲ್‌ನಲ್ಲಿ ಬಾವಿಗೆ ಚಾಕು ಎಸೆದವನಿಗೆ ಆ ದಿನ ಹತ್ತಿರ ಬಂದಂತೆ ಹೇಗಾಗಬೇಡ! ಈ ಉಪಾಯ ನಾನು ಬಳಸಿಲ್ಲ. ಬೇಕಾದವರು ತಗೊಳ್ಳಿ.

ತಾಲೂಕು ನಿಜದ್ದಿರಲಿ, ಹಳ್ಳಿ ಕಟ್ಟಿದ್ದಿರಲಿ. ಕೇಪೆ, ಸಾಂಗೆ ಅಂತ ಬರೆಯಿರಿ. ಕೊಲೆಗಾರ ಇರುವ ವಾಡೆಗೆ, ಅಂದರೆ ಕೇರಿಗೆ, ಮಾತ್ರ ನಕ್ಷೆಯಲ್ಲಿಲ್ಲದ ಹೆಸರು ಕೊಡಿ.

3. ಸಾಕ್ಷಿ ನಾಯಕಿಯ ಕೈಗೆ ಗೊತ್ತಿರಲಿ

ಪೊಲೀಸರಿಗೆ ಕಾಣದ್ದು ನಾಯಕಿಗೆ ಯಾಕೆ ಕಾಣಬೇಕು? ಬುದ್ಧಿವಂತೆ ಅಂತಲ್ಲ. ಅದು ಅವಳ ಕಸುಬು ಅಂತ. ನಿಮ್ಮ ನಾಯಕಿ ನರ್ಸ್ ಆಗಿದ್ದರೆ ಬ್ಯಾಂಡೇಜ್ ಕಟ್ಟಿದ ರೀತಿ, ಅಡುಗೆಯವಳಾಗಿದ್ದರೆ ಒಗ್ಗರಣೆಯ ವಾಸನೆ. ಕಸುಬು ಮೊದಲು ನಿರ್ಧಾರವಾಗಲಿ, ಸಾಕ್ಷಿ ಅದರಿಂದ ಹುಟ್ಟಲಿ.

ಸವಿತಾ ಆ ಅಂಗಿ ನೋಡುವುದು ಹೇಗೆ? ಅಸಹಜ ಸಾವಾದರೆ ಪೊಲೀಸರು ಅಕ್ಕಪಕ್ಕದ ಇಬ್ಬರು ಅಥವಾ ಹೆಚ್ಚು ಜನ ಗೌರವಸ್ಥರ ಎದುರು ಶವದ ಪಂಚನಾಮೆ ಮಾಡಬೇಕು. ಗುಂಡಿಯ ದಾರಿಯಲ್ಲಿ ಆ ಹೊತ್ತಿಗೆ ತೆರೆದಿದ್ದು ಅವಳ ಅಂಗಡಿ ಒಂದೇ. ಕರೆದರು, ಹೋದಳು. ಕಾನೂನಿನ ಈ ಸಣ್ಣ ನಿಯಮ ನನಗೆ ಒಂದು ಇಡೀ ಅಧ್ಯಾಯ ಕೊಟ್ಟಿತು. ಆ ಜಾಗ ಹೀಗಿದೆ:

"ಕಾನ್‌ಸ್ಟೇಬಲ್ ಕೈಗವಸಿನ ಎರಡು ಬೆರಳಿನಲ್ಲಿ ಬಟ್ಟೆಯನ್ನು ಎತ್ತಿದ. ಕೆಸರು ಕಳಚಿ ಬಿತ್ತು. ನೀಲಿ ಎಲ್ಲೂ ಇರಲಿಲ್ಲ, ಎಲ್ಲಾ ಅದಿರಿನ ಕೆಂಪು. ಬಟ್ಟೆ ಸೊಳ್ಳೆ ಪರದೆಯಷ್ಟು ತೆಳ್ಳಗಾಗಿತ್ತು. ಹೊಲಿಗೆ ಮಾತ್ರ ಹಾಗೇ ಇತ್ತು. ಎಡಗಡೆ ಕಿಸೆಯ ಹಿಂದೆ ಇನ್ನೊಂದು ಸಾಲು. ಮೂಲೆಯಲ್ಲಿ ಮೂರು ಸಲ ಹಿಂದೆ ಮುಂದೆ ಹೊಡೆದಿದ್ದ ಗಟ್ಟಿ ಹೊಲಿಗೆ. ಸವಿತಾಳ ಬಲಗಾಲು ನೆಲವನ್ನು ಒತ್ತಿತು, ಪೆಡಲ್ ಒತ್ತುವ ಹಾಗೆ. ಪಿಐ ಕೇಳಿದರು, 'ಕಿತೆಂ ಜಾಲೆಂ, ಬಾಯ್?' ಏನಿಲ್ಲ ಅಂದಳು. ಸಹಿ ಮಾಡಿದಳು."

ಇಲ್ಲಿ ಎರಡು ವಿಷಯ ನೋಡಿ. ಟೆರಿಕಾಟ್ ಬಟ್ಟೆಯಲ್ಲಿ ಹತ್ತಿ ಕೊಳೆಯುತ್ತದೆ, ಪಾಲಿಯೆಸ್ಟರ್ ಉಳಿಯುತ್ತದೆ. ಹೊಲಿಗೆಯ ದಾರವೂ ಪಾಲಿಯೆಸ್ಟರ್ ಆಗಿದ್ದರೆ ಅದೂ ಉಳಿಯುತ್ತದೆ. ಅಂಗಿ ಪೂರ್ತಿ ಹತ್ತಿಯದು ಅಂತ ಬರೆದಿದ್ದರೆ ಕಥೆ ಅಲ್ಲೇ ಕೊಳೆತು ಹೋಗುತ್ತಿತ್ತು. ಎರಡನೆಯದು, ಅವಳು ಸುಳ್ಳು ಹೇಳಿದಳು. ಸಾಕ್ಷಿ ಸಿಕ್ಕ ಕ್ಷಣವೇ ನಾಯಕಿಯೂ ತಪ್ಪಿನೊಳಗೆ ಬಂದಳು. ಇನ್ನು ಅವಳು ಪೊಲೀಸರ ಹತ್ತಿರ ಸುಲಭವಾಗಿ ಹೋಗೋಕೆ ಆಗಲ್ಲ. "ಪೊಲೀಸರಿಗೆ ಹೇಳಬಾರದಿತ್ತಾ?" ಅಂತ ಓದುಗರು ಕೇಳುವ ಪ್ರಶ್ನೆಗೆ ಇಲ್ಲೇ ಬಾಗಿಲು ಮುಚ್ಚಿದೆ.

4. ಬಿಟ್ಟು ಹೋದ ಕಾರಣ

ಕಥೆ ಗೆಲ್ಲುವುದೂ ಸೋಲುವುದೂ ಇಲ್ಲೇ.

ಮೊದಲು ಬೇಡದ್ದು ಹೇಳುತ್ತೇನೆ. ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿದ್ದ ತಪ್ಪು ತಿಳುವಳಿಕೆ ಬೇಡ. 2012ರಲ್ಲಿ ಕ್ಲೀನರ್ ಹುಡುಗರ ಕೈಯಲ್ಲೂ ಮೊಬೈಲ್ ಇತ್ತು. ಯಾರೋ ತೆಗೆದು ಬಚ್ಚಿಟ್ಟ ಪತ್ರ ಬೇಡ. ತೋಳು ಹಿಡಿದು ನಿಂತ ಚಿಕ್ಕಮ್ಮನ ಮಗಳನ್ನು ನೋಡಿ "ಓ, ಇವನಿಗೆ ಬೇರೆಯವಳಿದ್ದಾಳೆ" ಅಂದುಕೊಳ್ಳುವುದು ದಯವಿಟ್ಟು ಬೇಡ. ಹದಿಮೂರು ವರ್ಷದ ನೋವಿಗೆ ಹದಿಮೂರು ವರ್ಷ ತೂಗುವ ಕಾರಣ ಬೇಕು.

"ನಿನ್ನ ಒಳ್ಳೇದಕ್ಕೇ ಬಿಟ್ಟು ಹೋದೆ" ಅನ್ನುವುದು ಈ ಬಗೆಯ ಕಥೆಯಲ್ಲಿ ತುಂಬಾ ಓಡಾಡುವ ನಾಣ್ಯ. ಅದನ್ನು ಪೂರ್ತಿ ಬಿಡಬೇಕಿಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ ಆಗಿರಲಿ. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಅವನು ತನಗೆ ತಾನು ಹೇಳಿಕೊಳ್ಳುವ ಕಾರಣ. ಬಲಗಡೆ ಅವನು ಯಾರಿಗೂ ಹೇಳದ ಕಾರಣ.

ಮಂಜುನಾಥನ ಎಡಗಡೆ: ಆ ರಾತ್ರಿ ಯಮನೂರ ಮಳೆಯಲ್ಲಿ ತೊಯ್ದು ನಡುಗುತ್ತಿದ್ದ. ನನ್ನ ಅಂಗಿ ಕೊಟ್ಟೆ. ಕತ್ತಲಲ್ಲಿ ಅಂಗಿ ನೋಡಿ ನಾನೇ ಅಂದುಕೊಂಡು ಅವನನ್ನು ಹೊಡೆದರು. ನಾನು ಇಲ್ಲೇ ಇದ್ದರೆ ಸವಿತಾಳಿಗೂ ಅಪಾಯ. ಬಲಗಡೆ: ಒಂದೇ ಕಾಟಾ ಚೀಟಿಯಲ್ಲಿ (ಲಾರಿ ತೂಕದ ಚೀಟಿ) ಎರಡು ಲೋಡು ಸಾಗಿಸುವ ದಂಧೆಯಲ್ಲಿ ನನಗೂ ಪಾಲಿತ್ತು. ಆ ಚೀಟಿಗಳು ನನ್ನ ಹತ್ತಿರವೇ ಇವೆ. ಯಮನೂರ ಇನ್ನೂ ಉಸಿರಾಡುತ್ತಿದ್ದನೋ ಏನೋ, ನಾನು ಹತ್ತಿರ ಹೋಗಿ ನೋಡಲಿಲ್ಲ.

ಆ ಕೊನೇ ವಾಕ್ಯ ಬರೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾಯಕನನ್ನು ಇಷ್ಟು ಕೆಳಗೆ ಇಳಿಸಬಹುದಾ ಅನ್ನಿಸಿತು. ಇಳಿಸಿ. ಇನ್ನೂ ಒಂದು ಮೆಟ್ಟಿಲು ಇಳಿಸಿದೆ: ಹದಿಮೂರು ವರ್ಷ ಅವನು ಯಮನೂರನ ತಾಯಿಗೆ ಪ್ರತಿ ತಿಂಗಳು ದುಡ್ಡು ಕಳಿಸುತ್ತಿದ್ದ, ಯಮನೂರನ ಹೆಸರಿನಲ್ಲಿ. ಕರುಣೆಯೇ. ಆದರೆ ಅದರಿಂದಾಗಿ ಆ ತಾಯಿ ಮಗ ಬದುಕಿದ್ದಾನೆ ಅಂತ ನಂಬಿದಳು, ಕಾಣೆಯಾದ ದೂರು ಕೊಡಲಿಲ್ಲ. ಈ ಒಂದು ಕೆಲಸ ಅವನ ಪ್ರಾಯಶ್ಚಿತ್ತವೂ ಹೌದು, ಅವನ ವಿರುದ್ಧದ ದೊಡ್ಡ ಸಾಕ್ಷಿಯೂ ಹೌದು.

ಅವಳಿಗೂ ಪಾಲು ಬೇಕು. ನಾಯಕಿ ಬರೀ ಕಾದು ಕೂತ ಮುಗ್ಧೆ ಆದರೆ ಎರಡನೇ ಅವಕಾಶ ಅಂದರೆ ಅವನಿಗೆ ಕೊಡುವ ಕ್ಷಮೆ ಅಷ್ಟೇ ಆಗುತ್ತದೆ. ಸವಿತಾ ಆ ಸಂಜೆ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಮಾಮಾನ ಹತ್ತಿರ ಹೆಮ್ಮೆಯಿಂದ ಹೇಳಿದ್ದಳು: ಇವತ್ತು ಮಂಜುನ ಕೊನೇ ಟ್ರಿಪ್ಪು, ನಾನು ಹೊಲಿದ ನೀಲಿ ಚೌಕಳಿ ಅಂಗಿ ಹಾಕ್ಕೊಂಡು ಹೋಗ್ಯಾನ. ಅಷ್ಟೇ ಮಾತು. ಇಪ್ಪತ್ತೆರಡನೇ ಅಧ್ಯಾಯದಲ್ಲಿ ಅವಳಿಗೆ ಅದು ನೆನಪಾಗುತ್ತದೆ.

5. ನಡುವಿನ ವರ್ಷಗಳು

ಇದನ್ನು ಬೇಗ ಮುಗಿಸಿ. ನಾಯಕಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಷ್ಟೇ. ಸವಿತಾ ಮದುವೆಯಾಗಿದ್ದಾಳೆ, ಬೇರೆಯಾಗಿದ್ದಾಳೆ, ನಾಲ್ಕನೇ ಕ್ಲಾಸಿನ ಮಗಳಿದ್ದಾಳೆ. ಗೋವಾದಲ್ಲಿ ಮದುವೆ ಮಾಡಿಸುವುದಾದರೆ ಒಂದು ಮಾತು ನೆನಪಿರಲಿ. ಇಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಸಿವಿಲ್ ಕೋಡ್ ಇದೆ. ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಮನೆ ಮಾರಲು ಇಬ್ಬರ ಸಹಿಯೂ ಬೇಕು. ಒಂದು ಸಹಿಗಾಗಿ ಕಾಯುತ್ತಿರುವವನು ಸಸ್ಪೆನ್ಸ್ ಬರೆಯುವವರಿಗೆ ಒಳ್ಳೆ ಗಿರಾಕಿ.

6. ಮೊದಲ ಭೇಟಿ

ಹಳೇ ಪ್ರೇಮಿಗಳ ಮೊದಲ ಭೇಟಿಗೆ ಸಿನಿಮಾದವರು ಗಾಳಿ ಬೀಸುತ್ತಾರೆ. ನೀವು ಕೆಲಸ ಕೊಡಿ. ಕೈಯಲ್ಲಿ ಕೆಲಸ ಇದ್ದರೆ ಕಣ್ಣಿನ ವರ್ಣನೆ ಬೇಕಾಗಲ್ಲ.

ಕನ್ನಡದಲ್ಲಿ ನಮಗೆ ಒಂದು ಅನುಕೂಲವೂ ಇದೆ: ನೀನು, ನೀವು. ಹಿಂದೆ ಸವಿತಾ ಅವನಿಗೆ "ನೀ" ಅನ್ನುತ್ತಿದ್ದಳು. ಈಗ ನೋಡಿ.

"ಎಲ್ಲೈತ್ರಿ ಅಂಗಿ?"

"ಯಾವ ಅಂಗಿ?"

"ನಾ ಹೊಲಿದಿದ್ದು."

ಮಂಜುನಾಥ ಚಪ್ಪಲಿ ಬಿಡಲು ಬಗ್ಗಿದವನು ಹಾಗೇ ನಿಂತ. "ಕೊಟ್ಟೆ."

"ಯಾರಿಗೆ ಕೊಟ್ರಿ?"

ಅವನು ಉತ್ತರ ಕೊಡಲಿಲ್ಲ. ಅವಳು ಕಾಜಾ ಮಾಡುತ್ತಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನೀರು ಕುಡೀರಿ. ಬಿಸಲಾಗ ಬಂದೀರಿ."

ಆ "ರಿ" ಅವನಿಗೆ ಕಪಾಳಕ್ಕಿಂತ ಜೋರಾಗಿ ಬೀಳುತ್ತದೆ. ಹದಿಮೂರನೇ ಅಧ್ಯಾಯದಲ್ಲಿ ಸಿಟ್ಟಿನಲ್ಲಿ ಅವಳ ಬಾಯಿಂದ "ನೀ ಯಾಕ ಬಂದಿ?" ಅಂತ ಜಾರುತ್ತದೆ. ಅವಳು ಬೈದಿದ್ದಾಳೆ, ಅವನು ಒಳಗೊಳಗೇ ಖುಷಿಪಡುತ್ತಾನೆ. ನನ್ನ ಓದುಗರಲ್ಲಿ ಹೆಚ್ಚಿನವರು ಗುರುತು ಹಾಕಿದ್ದು ಆ ಸಾಲಿಗೆ.

7. ಊರಿನ ಬಾಯಿ

ಸಣ್ಣ ಊರಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಅನ್ನುವುದು ಸುಳ್ಳು. ಎಲ್ಲರಿಗೂ ಒಂದೊಂದು ಚೂರು ಗೊತ್ತಿರುತ್ತದೆ. ಪ್ರತಿ ಪಾತ್ರಕ್ಕೂ ಮೂರು ಸಾಲು ಬರೆದಿಟ್ಟುಕೊಳ್ಳಿ: ಏನು ನೋಡಿದರು, ಯಾಕೆ ಹೇಳಲಿಲ್ಲ, ಏನಾದರೆ ಹೇಳುತ್ತಾರೆ.

ಪೊದೆರ್, ಅಂದರೆ ಬೆಳಗಾಗುವ ಮೊದಲೇ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಪಾವ್ ತರುವವನು, ಆ ದಿನ ದೀಪ ಹಾಕದೆ ಬಂದ ಒಂದು ಜೀಪು ನೋಡಿದ್ದ. ಯಾಕೆ ಹೇಳಲಿಲ್ಲ? ಯಾರೂ ಕೇಳಲಿಲ್ಲ. ಪೈಲಟ್ ಒಬ್ಬ, ಅಂದರೆ ಹಳದಿ ಕಪ್ಪು ಬಾಡಿಗೆ ಬೈಕ್ ಓಡಿಸುವವನು, ಮಂಜುನಾಥನನ್ನು ಸ್ಟೇಷನ್ನಿಗೆ ಬಿಟ್ಟಿದ್ದ. ಅವನು ಹೇಳದಿದ್ದುದಕ್ಕೆ ಕಾರಣ ಬೇರೆ, ಅವನಿಗೆ ಸವಿತಾ ಮೇಲೆ ಮನಸ್ಸಿತ್ತು. ಪ್ರತಿಯೊಬ್ಬರ ಮೌನಕ್ಕೂ ಸಣ್ಣದಾದ, ಬೇರೆ ಬೇರೆಯಾದ ಕಾರಣ ಇರಲಿ. ಎಲ್ಲರೂ "ಭಯದಿಂದ" ಸುಮ್ಮನಿದ್ದರೆ ಓದುವವರಿಗೆ ಬೇಜಾರು.

ಕೊಲೆಗಾರ ಮೂರನೇ ಅಧ್ಯಾಯದೊಳಗೆ ಬಂದಿರಬೇಕು, ಏನಾದರೂ ಉಪಕಾರ ಮಾಡುತ್ತಿರಬೇಕು. ಹಾರ್ಡ್‌ವೇರ್ ಅಂಗಡಿಯ ಮಾಮಾ ಸವಿತಾಳ ಮೊದಲ ಮೆಷಿನ್ನಿಗೆ ಸಾಲ ಕೊಟ್ಟವನು. ಮಗಳ ಫೀಸು ಕಟ್ಟಿದವನು. ಆ ಪ್ರೀತಿ ನಾಟಕ ಅಲ್ಲ, ನಿಜ. ತಾನು ಕೊಂದದ್ದು ತಪ್ಪು ಹುಡುಗನನ್ನು ಅಂತ ಅವನಿಗೆ ಗೊತ್ತಾಗಿದ್ದು ಹೆಣ ಸಿಕ್ಕು, ಮಂಜುನಾಥ ಬಂದು ಎದುರು ನಿಂತಾಗ. ಆ ದೃಶ್ಯದಲ್ಲಿ ಅವನು ಮೊಳೆ ತೂಗುತ್ತಿರುತ್ತಾನೆ. ಅರ್ಧ ಕೇಜಿ ಕೇಳಿದವರಿಗೆ ಒಂದು ಕೇಜಿ ಹಾಕಿಬಿಡುತ್ತಾನೆ. ಅಷ್ಟೇ ಸುಳಿವು. ಹೆಚ್ಚಿನವರು ಗಮನಿಸಲ್ಲ. ಎರಡನೇ ಸಲ ಓದಿದವರು ಫೋನ್ ಮಾಡುತ್ತಾರೆ.

8. ಎರಡು ಎಳೆ ಹೆಣೆಯುವುದು

ನನ್ನ ಲೆಕ್ಕ ಸರಳ. ಅವನ ಮೇಲೆ ಅವಳ ನಂಬಿಕೆ ಒಂದು ಮೆಟ್ಟಿಲು ಏರಿದಾಗಲೆಲ್ಲ ಅವನ ವಿರುದ್ಧದ ಸಾಕ್ಷಿಯೂ ಒಂದು ಮೆಟ್ಟಿಲು ಏರಬೇಕು. ಮಗಳಿಗೆ ಜ್ವರ ಬಂದ ರಾತ್ರಿ ಅವನು ಡಾಕ್ಟರನ್ನು ಕರೆತರುತ್ತಾನೆ. ಅದೇ ಅಧ್ಯಾಯದ ಕೊನೆಗೆ ಅವನ ಚೀಲದಲ್ಲಿ ಯಮನೂರನ ಹೆಸರಿನ ಹಣ ಕಳಿಸಿದ ರಸೀದಿಗಳು ಸಿಗುತ್ತವೆ.

ಮೂವತ್ತು ಅಧ್ಯಾಯ ಇಟ್ಟುಕೊಂಡರೆ, ಸತ್ತವನು ಯಾರು ಅನ್ನುವುದು ಹತ್ತರ ಹೊತ್ತಿಗೆ ಗೊತ್ತಾಗಲಿ. ಯಾಕೆ ಹೋದ ಅನ್ನುವುದರ ಎಡಗಡೆ ಕಾರಣ ಹದಿನೈದಕ್ಕೆ, ಬಲಗಡೆ ಕಾರಣ ಇಪ್ಪತ್ತಕ್ಕೆ. ಆಮೇಲೆ ಅವಳ ಪಾಲು. ಕೊಲೆಗಾರ ಇಪ್ಪತ್ತಾರಕ್ಕೆ. ಎಲ್ಲವನ್ನೂ ಕೊನೇ ಅಧ್ಯಾಯಕ್ಕೆ ಕೂಡಿಟ್ಟರೆ ಅಲ್ಲಿ ಪಾತ್ರಗಳು ಬರೀ ವರದಿ ಒಪ್ಪಿಸುತ್ತವೆ. ವಾರಕ್ಕೊಂದು ಕಂತು ಹಾಕುವವರಿಗೆ ಮತ್ತೊಂದು ಎಚ್ಚರಿಕೆ: ಪ್ರತಿ ಕಂತಿನ ಕೊನೆಗೂ ಬಾಗಿಲು ತಟ್ಟಿಸಬೇಡಿ. ಮೂರನೇ ಸಲಕ್ಕೆ ಓದುಗರು "ಹಾಲಿನವನೇ ಇರ್ಬೇಕು" ಅಂತಾರೆ.

ಗಡುವು ಒಂದು ಬೇಕು. ಇಲ್ಲೂ ಕ್ಯಾಲೆಂಡರ್ ಸಾಲ ಕೊಡುತ್ತದೆ. ಹೆಣ ಸಿಕ್ಕಿದ್ದು ಮಾರ್ಚ್‌ನಲ್ಲಿ. ಯಮನೂರನ ಮೊಬೈಲು ಇನ್ನೂ ಗುಂಡಿಯ ಕೆಸರಿನಲ್ಲಿದೆ. ಜೂನ್ ಬಂದರೆ ಗುಂಡಿ ಮತ್ತೆ ತುಂಬುತ್ತದೆ. ಆಕಾಶದಲ್ಲಿ ಒಂದು ಮೋಡ ಕಂಡರೂ ಓದುಗರಿಗೆ ಎದೆ ಢವಢವ ಅನ್ನಬೇಕು.

ಮುತ್ತು ಎಲ್ಲಿ ಅಂತ ಕೇಳುತ್ತಾರೆ. ಹೆಣದ ವಾಸನೆ ಹೋಗುವ ಮುಂಚೆ ಬೇಡ. ಯಾರೋ ಓಡಿಸಿಕೊಂಡು ಬರುತ್ತಿರುವಾಗ ಕಂಬದ ಹಿಂದೆ ನಿಂತು ರೊಮ್ಯಾನ್ಸ್ ಮಾಡುವವರನ್ನು ನಾನು ನಂಬಲ್ಲ. ಅಪಾಯ ದಾಟಿದ ಮೇಲಿನ ಹತ್ತು ನಿಮಿಷ, ಕೈ ಇನ್ನೂ ನಡುಗುತ್ತಿರುವಾಗ, ಒಬ್ಬರು ಇನ್ನೊಬ್ಬರಿಗೆ ಚಹಾ ಸೋಸುವಾಗ, ಅಲ್ಲಿ ಇದೆ ಜಾಗ.

9. ಭಾಷೆ, ಮತ್ತೆ ಒಂದು ಸೂಕ್ಷ್ಮ

ಇಲ್ಲಿಯ ಕನ್ನಡಿಗರ ಮನೆಯಲ್ಲಿ ಉತ್ತರ ಕರ್ನಾಟಕದ ಮಾತು, ಅಂಗಡಿಯಲ್ಲಿ ಕೊಂಕಣಿ, ಮಕ್ಕಳ ಬಾಯಲ್ಲಿ ಎಲ್ಲದರ ಮಿಶ್ರಣ. ಎಲ್ಲವನ್ನೂ ಬರೆಯೋಕೆ ಹೋಗಬೇಡಿ. ಒಂದು ದೃಶ್ಯಕ್ಕೆ ಒಂದೆರಡು ಕೊಂಕಣಿ ಮಾತು, ಅರ್ಥ ಸಂದರ್ಭದಿಂದಲೇ ಹೊಳೆಯಲಿ. ಮರಳಿ ಬಂದ ಮಂಜುನಾಥನ ಕೊಂಕಣಿಗೆ ತುಕ್ಕು ಹಿಡಿದಿದೆ. ಚಹಾ ಕೇಳುವಾಗಲೂ ತಡವರಿಸುತ್ತಾನೆ. ಅವನು ಹೊರಗಿನವನಾಗಿದ್ದಾನೆ ಅಂತ ಬೇರೆ ಹೇಳಬೇಕಿಲ್ಲ.

ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ಕೆಲವರು "ಘಾಂಟಿ" ಅನ್ನುವುದುಂಟು. ಆ ಮಾತು ಕಥೆಯಲ್ಲಿ ಬರಲಿ, ಒಂದೇ ಸಲ, ನೋಯಿಸುವ ಜಾಗದಲ್ಲಿ. ಆದರೆ ಕೊಲೆಯನ್ನು "ಇಲ್ಲಿಯವರು ಕೆಟ್ಟವರು" ಅಂತಲೋ "ಹೊರಗಿನವರು ಬಂದು ಊರು ಕೆಟ್ಟಿತು" ಅಂತಲೋ ಮುಗಿಸಬೇಡಿ. ನನ್ನ ಕಥೆಯಲ್ಲಿ ಕೊಲೆಗಾರನೂ ನಮ್ಮ ಕಡೆಯವನೇ. ಮುಖ್ಯ ಸಾಕ್ಷಿ ಹೇಳುವುದು ಪೊದೆರ್.

10. ಪೊಲೀಸ್, ಕೋರ್ಟು

ಗೋವಾದಲ್ಲಿ ಠಾಣೆಯ ಮುಖ್ಯಸ್ಥರು ಪಿಐ, ಅಂದರೆ ಪೊಲೀಸ್ ಇನ್‌ಸ್ಪೆಕ್ಟರ್. ಶವದ ಪಂಚನಾಮೆ ಹಳೆಯ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, 174ನೇ ಕಲಂ. ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194. ನನ್ನ ಕಥೆಯಲ್ಲಿ ತನಿಖೆ 2025ರದ್ದು, ಆದ್ದರಿಂದ ಹೊಸ ಕಾನೂನಿನ ಪ್ರಕಾರ ನಡೆಯುತ್ತದೆ. ಕೊಲೆ 2012ರದ್ದು, ಆದ್ದರಿಂದ ಆರೋಪ ಮಾತ್ರ ಹಳೆಯ ಐಪಿಸಿ 302. ಈ ಗೊಂದಲವನ್ನು ಒಬ್ಬ ಬೇಸತ್ತ ರೈಟರ್ ಕಾನ್‌ಸ್ಟೇಬಲ್ ಬಾಯಲ್ಲಿ ಹೇಳಿಸಿದೆ, ನಗುವೂ ಬಂತು.

ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಲ್ಲ. ಆದ್ದರಿಂದ "ಹೌದು, ನಾನೇ ಕೊಂದೆ" ಅಂತ ಠಾಣೆಯಲ್ಲಿ ಕಿರುಚಿಸಿ ಕಥೆ ಮುಗಿಸಬೇಡಿ. ಎಲುಬಿನ ಡಿಎನ್‌ಎ ಹೋಲಿಸಲು ರಕ್ತಸಂಬಂಧಿ ಬೇಕು. ಹಾಗಾಗಿ ಯಮನೂರನ ತಾಯಿ ಬರಬೇಕಾಯಿತು. ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಅವಳು ಕೇಳುತ್ತಾಳೆ: "ಹಂಗಾರ ಮೊನ್ನಿ ತಿಂಗಳ ರೊಕ್ಕಾ ಕಳಿಸಿದಾಂವ ಯಾರ?" ಮಂಜುನಾಥ ಅದೇ ಬೆಂಚಿನಲ್ಲಿ ಕೂತಿದ್ದಾನೆ. ಈ ದೃಶ್ಯಕ್ಕೆ ನಾನು ಒಂದೇ ಒಂದು ವಿಶೇಷಣ ಹಾಕಲಿಲ್ಲ.

11. ಅದೇ ಪರೀಕ್ಷೆ, ಎರಡನೇ ಸಲ

ಕ್ಷಮೆ ಕೇಳಿದ್ದಕ್ಕೆ ಎರಡನೇ ಅವಕಾಶ ಸಿಕ್ಕಿತು ಅಂದರೆ ಯಾರೂ ಒಪ್ಪಲ್ಲ. ಮೊದಲ ಸಲ ಸೋತ ಪರೀಕ್ಷೆಯನ್ನೇ ಮತ್ತೆ ಅವರ ಮುಂದೆ ಇಡಿ.

2012ರಲ್ಲಿ ಅಪಾಯ ಬಂದಾಗ ಮಂಜುನಾಥ ಒಬ್ಬನೇ ನಿರ್ಧಾರ ಮಾಡಿ ಓಡಿದ. 2025ರ ಜೂನ್‌ನಲ್ಲಿ ಮಾಮಾ ಅವನಿಗೆ ಹೇಳುತ್ತಾನೆ: ಚೀಟಿಗಳನ್ನು ಕೊಟ್ಟು ಇವತ್ತು ರಾತ್ರಿಯ ರೈಲು ಹತ್ತು, ಇಲ್ಲದಿದ್ದರೆ ಸವಿತಾಳ ಮಗಳು ಶಾಲೆಯಿಂದ ಬರುವ ದಾರಿ ನನಗೆ ಗೊತ್ತು. ಅದೇ ಅಪಾಯ, ಅದೇ ಸ್ಟೇಷನ್. ಅವನು ಪ್ಲಾಟ್‌ಫಾರ್ಮ್ ತನಕ ಹೋಗುತ್ತಾನೆ. ರೈಲು ಬರುತ್ತದೆ. ಹೊರಡುತ್ತದೆ. ಅವನು ಅಂಗಡಿಗೆ ಬಂದು ಶಟರ್ ಬಡಿದು ಎಲ್ಲವನ್ನೂ ಹೇಳುತ್ತಾನೆ, ಬಲಗಡೆಯ ಕಾರಣದ ಕೊನೇ ವಾಕ್ಯವನ್ನೂ ಸೇರಿಸಿ. ಅದು ಇಪ್ಪತ್ತನೇ ಅಧ್ಯಾಯದಲ್ಲಿ ಓದುಗರಿಗೆ ಗೊತ್ತಾಗಿತ್ತು, ಅವಳಿಗೆ ಗೊತ್ತಾಗುವುದು ಈಗ.

ಅವಳ ಪರೀಕ್ಷೆ? ಆಗ ಹೇಳಬಾರದ್ದನ್ನು ಹೆಮ್ಮೆಯಿಂದ ಹೇಳಿದ್ದಳು. ಈಗ ಮಾಮಾ ಚಹಾ ಹಿಡಿದುಕೊಂಡು ಬಂದು "ಎಲ್ಲಿದ್ದಾನವ್ವಾ ನಿನ್ನ ಮಂಜು?" ಅಂತ ಅದೇ ಅಕ್ಕರೆಯಿಂದ ಕೇಳುತ್ತಾನೆ. ಅವಳು ಮೆಷಿನ್ ನಿಲ್ಲಿಸದೆ "ರೈಲು ಹತ್ತಿದ್ರು" ಅನ್ನುತ್ತಾಳೆ. ಸೂಜಿ ಬೆರಳಿಗೆ ಚುಚ್ಚುತ್ತದೆ. ಅವಳು ಪೆಡಲ್ ಬಿಡಲ್ಲ.

ಮುಕ್ತಾಯ ಸುಖಾಂತವೇ ಇರಲಿ. ಈ ಬಗೆಯ ಕಥೆಗೆ ಬರುವ ಓದುಗರಿಗೆ ಅದು ಕೊಟ್ಟ ಮಾತು. ಆದರೆ ಮದುವೆ ಮಂಟಪ ಬೇಕಿಲ್ಲ. ಮಂಜುನಾಥನ ಮೇಲೂ ಕಾಟಾ ಚೀಟಿಯ ಕೇಸು ಇದೆ, ಅದನ್ನು ಮಾಯ ಮಾಡಬೇಡಿ. ಅವನು ತಾರೀಖಿಗೆ ಹೋಗಿ ಬರುತ್ತಾನೆ. ಬಂದಾಗ ಅವಳು ಊಟಕ್ಕೆ ಎರಡು ತಟ್ಟೆ ಜಾಸ್ತಿ ಇಟ್ಟಿರುತ್ತಾಳೆ. ಒಂದು ಅವನಿಗೆ, ಇನ್ನೊಂದು ಯಮನೂರನ ತಾಯಿಗೆ.

12. ಓದಿಸಿ

ಬರೆದು ಮುಗಿದ ಮೇಲೆ ಇಬ್ಬರಿಗೆ ಓದಿಸಿ. ಒಬ್ಬರು ಈ ಬಗೆಯ ಪುಸ್ತಕಗಳನ್ನು ರಾಶಿ ರಾಶಿ ಓದಿದವರು. ಇನ್ನೊಬ್ಬರು ಪುಸ್ತಕ ಓದದ, ಆದರೆ ಆ ಕೆಲಸ ಮಾಡಿದವರು. ಮೊದಲನೆಯವರು ಕೊಲೆಗಾರನನ್ನು ಎಷ್ಟನೇ ಅಧ್ಯಾಯದಲ್ಲಿ ಹಿಡಿದರು ಅಂತ ಬರೆದಿಟ್ಟುಕೊಳ್ಳಿ. ಹದಿನೆಂಟರ ಮೊದಲು ಹಿಡಿದಿದ್ದರೆ ಮೊಳೆಯ ಥರದ ಸುಳಿವು ಒಂದೆರಡು ಕಡಿಮೆ ಮಾಡಿ.

ಮೂರನೇ ಕರಡನ್ನು ಕಾಕಾಗೆ ನಾಲ್ಕು ಸಂಜೆ ಓದಿ ಹೇಳಿದೆ. ಈ ಸಲ ನಗಲಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಎಲೆ ಅಡಿಕೆ ಮೆಲ್ಲುತ್ತಾ ಕೂತರು. ಆಮೇಲೆ ಕೇಳಿದರು: "ಆ ಅಂಗಿ ಪೊಲೀಸರು ಅಕಿಗೆ ವಾಪಸ್ ಕೊಟ್ರೇನು?"

ನಾನು ಅದನ್ನು ಬರೆದೇ ಇರಲಿಲ್ಲ. ಕೇಸು ಮುಗಿಯುವ ತನಕ ಕೋರ್ಟಿನಲ್ಲೇ ಇರುತ್ತದೆ ಕಾಕಾ, ಅಂದೆ. "ಹಂಗಾರ ಅಕಿ ಇನ್ನೊಂದ ಹೊಲೀಲಿ," ಅಂದರು. "ಆದರ ಈ ಸಲ ಕಳ್ಳ ಕಿಸಿ ಬ್ಯಾಡ."

ಆ ರಾತ್ರಿಯೇ ಕೂತು ಒಂದು ಪುಟ ಸೇರಿಸಿದೆ.